ಉಬುಂಟುವಿನಲ್ಲಿ ಒಂದೂ ವಾರ್ನಿಂಗ್ ಇಲ್ಲ, ಓಪನ್‌ಡಬ್ಲ್ಯೂಆರ್‌ಟಿ ಮಿಪ್ಸ್ ಬಿಲ್ಡ್‌ನಲ್ಲಿ ರಾಶಿ ರಾಶಿ: ಯಾವುದನ್ನು ಸರಿಪಡಿಸಬೇಕು, ಯಾವುದನ್ನು ಮುಚ್ಚಬಹುದು?

ರಾಸಾಕೆಟ್_ರಂಗ:

ಎಲ್ಲರಿಗೂ ನಮಸ್ಕಾರ. ಸಿ ಭಾಷೆಯಲ್ಲಿ ಬರೆದ ಒಂದು ಚಿಕ್ಕ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಇದೆ. ಎಎಫ್_ಪ್ಯಾಕೆಟ್ ರಾ ಸಾಕೆಟ್‌ನಿಂದ ಎಲ್‌ಎಲ್‌ಡಿಪಿ (ನೆಟ್‌ವರ್ಕ್ ಸಾಧನಗಳು ಪಕ್ಕದವಕ್ಕೆ ತಮ್ಮ ಪರಿಚಯ ಹೇಳುವ ಪ್ರೊಟೊಕಾಲ್) ಮತ್ತು ಐಪಿವಿ4 ಫ್ರೇಮ್‌ಗಳನ್ನು ಓದಿ, ಕೆಲವನ್ನು ಟ್ಯಾಪ್ ಇಂಟರ್‌ಫೇಸ್‌ಗೆ (ಸಾಫ್ಟ್‌ವೇರ್‌ನಲ್ಲೇ ಇರುವ ನೆಟ್‌ವರ್ಕ್ ಕಾರ್ಡ್) ದಾಟಿಸುವುದು ಅದರ ಕೆಲಸ. ಬಿಲ್ಡ್ ಆಟೋಕಾನ್ಫ್-ಆಟೋಮೇಕ್‌ನದು.

ಎಕ್ಸ್86 ಉಬುಂಟುವಿನಲ್ಲಿ '-ಓ0 -ಜಿ -ಡಬ್ಲ್ಯೂಆಲ್ -ಡಬ್ಲ್ಯೂಎಕ್ಸ್‌ಟ್ರಾ -ಡಬ್ಲ್ಯೂಕಾಸ್ಟ್-ಅಲೈನ್ -ಡಬ್ಲ್ಯೂನೋ-ಸೈನ್-ಕಂಪೇರ್ -ಡಬ್ಲ್ಯೂಎರರ್' ಹಾಕಿ (ಕೊನೆಯದು ಕಂಪೈಲರ್‌ನ ಪ್ರತಿ ವಾರ್ನಿಂಗನ್ನೂ ಎರರ್ ಮಾಡುವ ಫ್ಲ್ಯಾಗ್) ಕಟ್ಟಿದರೆ ತಕರಾರೇ ಇಲ್ಲ. ಅದೇ ಕೋಡನ್ನು ರೂಟರ್‌ಗಳ ಲಿನಕ್ಸ್ ಆದ ಓಪನ್‌ಡಬ್ಲ್ಯೂಆರ್‌ಟಿ 24.10 ಎಸ್‌ಡಿಕೆಯಲ್ಲಿ ಎಟಿಎಚ್79 ಟಾರ್ಗೆಟ್‌ಗೆ ಕಟ್ಟಿದರೆ (ಮಿಪ್ಸ್ 24ಕೆಸಿ ಪ್ರೊಸೆಸರ್, ಬಿಗ್ ಎಂಡಿಯನ್ ಅಂದರೆ ಸಂಖ್ಯೆಯ ಮೇಲಿನ ಬೈಟ್ ಮೊದಲು, ಉಬುಂಟುವಿನ ಗ್ಲಿಬ್‌ಸಿ ಬದಲು ಮಸಲ್ ಸಿ ಲೈಬ್ರರಿ, ಜಿಸಿಸಿ 13 ಕಂಪೈಲರ್, ಗಾತ್ರ ಉಳಿಸುವ '-ಓಎಸ್') ಇಷ್ಟು ಬರುತ್ತದೆ:

1. 'ಕಾಸ್ಟ್ ಇನ್‌ಕ್ರೀಸಸ್ ರಿಕ್ವೈರ್ಡ್ ಅಲೈನ್‌ಮೆಂಟ್': ಸುಮಾರು ನಲವತ್ತು ಕಡೆ. ಹೆಚ್ಚಿನವು ಬಫರ್ ಪಾಯಿಂಟರನ್ನು 'ಸ್ಟ್ರಕ್ಟ್ ಐಪಿಎಚ್‌ಡಿಆರ್ *' ಮಾಡಿದಲ್ಲಿ. ಕೆಲವು ಗೆಟ್‌ಇಫ್‌ಅಡ್ರ್ಸ್ ಕೊಟ್ಟ ಸಾಕ್‌ಅಡ್ರ್ ಮೇಲೆ, ಎರಡು ಸಿಎಂಎಸ್‌ಜಿ_ಡೇಟಾ ಮೇಲೆ.
2. ಐಆಕ್ಟಲ್‌ಗೆ ಟನ್‌ಸೆಟ್‌ಐಎಫ್‌ಎಫ್ ಕೊಟ್ಟಲ್ಲಿ 'ಓವರ್‌ಫ್ಲೋ ಇನ್ ಕನ್ವರ್ಶನ್'.
3. ಟೈಮ್_ಟಿಯನ್ನು '%ಎಲ್‌ಡಿ'ಯಿಂದ ಲಾಗ್ ಮಾಡಿದ ಕಡೆಯೆಲ್ಲ ಫಾರ್ಮ್ಯಾಟ್ ವಾರ್ನಿಂಗ್.
4. 'ಸ್ಟ್ರಕ್ಟ್ ಈಥ್‌ಎಚ್‌ಡಿಆರ್' ಎರಡು ಸಲ ಡಿಫೈನ್ ಆಗಿದೆ ಎಂಬ ಎರರ್.
5. ಟಿಎಲ್‌ವಿ (ಟೈಪ್, ಉದ್ದ, ಮೌಲ್ಯ ಸೇರಿದ ತುಣುಕು) ಓದುವ ಫಂಕ್ಷನ್‌ನಲ್ಲಿ 'ಮೇಬಿ ಅನ್‌ಇನಿಶಿಯಲೈಝ್ಡ್', ಮೂರು ಕಡೆ.

4ನ್ನು ತಾತ್ಕಾಲಿಕವಾಗಿ ಸರಿಮಾಡಿ, '-ಡಬ್ಲ್ಯೂಎರರ್' ತೆಗೆದು ಕಟ್ಟಿದರೆ ರೂಟರ್‌ನಲ್ಲಿ ಡೀಮನ್ ಓಡುತ್ತದೆ, ಕ್ರ್ಯಾಶ್ ಇಲ್ಲ. ಆದರೆ ಟ್ರಾಫಿಕ್ ಏರಿದಾಗ ಸಿಪಿಯು ವಿಪರೀತ ತಿನ್ನುತ್ತದೆ, ಮತ್ತು ಐಪಿವಿ4 ಪ್ಯಾಕೆಟ್‌ಗಳೆಲ್ಲ 'ಹೆಡರ್ ಚಿಕ್ಕದು' ಎಂದು ತಿರಸ್ಕೃತವಾಗುತ್ತವೆ. ವಾರ್ನಿಂಗ್‌ಗಳಿಗೂ ಇದಕ್ಕೂ ಸಂಬಂಧ ಇದೆಯೇ? '-ಡಬ್ಲ್ಯೂಎರರ್' ಇಟ್ಟುಕೊಳ್ಳುವುದೇ ಬಿಡುವುದೇ?

—

ಬಿಗ್‌ಎಂಡಿಯನ್:

ಸಂಬಂಧ ಇದೆ. ನಿಮ್ಮ ಎರಡು ತೊಂದರೆಗಳಲ್ಲಿ ಒಂದಕ್ಕೆ ವಾರ್ನಿಂಗ್ ಬಂದಿದೆ. ಇನ್ನೊಂದಕ್ಕೆ ಬರಬೇಕಿದ್ದ ವಾರ್ನಿಂಗ್ ನಿಮ್ಮ ಪಟ್ಟಿಯಲ್ಲೇ ಇಲ್ಲ.

ಮೊದಲು ಅಲೈನ್‌ಮೆಂಟ್, ಅಂದರೆ 4 ಬೈಟಿನ ಡೇಟಾ 4ರಿಂದ ಭಾಗವಾಗುವ ವಿಳಾಸದಲ್ಲೇ ಇರಬೇಕೆಂಬ ನಿಯಮ. ಎಕ್ಸ್86ನಲ್ಲಿ '-ಡಬ್ಲ್ಯೂಕಾಸ್ಟ್-ಅಲೈನ್' ಹಾಕಿದ್ದೂ ಒಂದೇ, ಹಾಕದಿದ್ದರೂ ಒಂದೇ. ಟಾರ್ಗೆಟ್ ಪ್ರೊಸೆಸರ್‌ಗೆ ಅಲೈನ್‌ಮೆಂಟ್ ಕಡ್ಡಾಯ ಇದ್ದರೆ ಮಾತ್ರ ಜಿಸಿಸಿ ಅದನ್ನು ಹೇಳುತ್ತದೆ. ಎಲ್ಲ ಕಡೆ ಹೇಳಬೇಕೆಂದರೆ '-ಡಬ್ಲ್ಯೂಕಾಸ್ಟ್-ಅಲೈನ್=ಸ್ಟ್ರಿಕ್ಟ್' ಕೊಡಬೇಕು; ಜಿಸಿಸಿ 8ರಿಂದ ಇದೆ. ಅದನ್ನು ಹಾಕಿದರೆ ಇದೇ ಬಗೆಯ ಸಾಲುಗಳು ಉಬುಂಟುವಿನಲ್ಲೇ ಕಾಣುತ್ತವೆ, ಕ್ರಾಸ್ ಟೂಲ್‌ಚೈನ್ ಬೇಕಿಲ್ಲ.

ಈಥರ್ನೆಟ್ ಹೆಡರ್ 14 ಬೈಟ್. ಬಫರ್ 4ರ ಗಡಿಯಲ್ಲಿ ಶುರುವಾದರೆ ಐಪಿ ಹೆಡರ್ 14ನೇ ಬೈಟಿಗೆ, ಅಂದರೆ 4ರ ಗಡಿಯಿಂದ 2 ಬೈಟ್ ಆಚೆಗೆ ಬೀಳುತ್ತದೆ. ಕಂಪೈಲರ್ 'ಸ್ಟ್ರಕ್ಟ್ ಐಪಿಎಚ್‌ಡಿಆರ್ *' ನೋಡಿ ವಿಳಾಸ 4ಕ್ಕೆ ಅಲೈನ್ ಆಗಿದೆ ಎಂದು ನಂಬಿ 4 ಬೈಟ್ ಒಮ್ಮೆಗೇ ಓದುವ ಸಾದಾ 'ಎಲ್‌ಡಬ್ಲ್ಯೂ' ಇನ್‌ಸ್ಟ್ರಕ್ಷನ್ ಬರೆಯುತ್ತದೆ. 24ಕೆಸಿ ಅದನ್ನು ತಾಳುವುದಿಲ್ಲ, ಅಡ್ರೆಸ್ ಎರರ್ ಎಕ್ಸೆಪ್ಶನ್ ಏಳುತ್ತದೆ. ಮಿಪ್ಸ್ ಲಿನಕ್ಸ್ ಕರ್ನಲ್ ಅದನ್ನು ಹಿಡಿದು, ಇನ್‌ಸ್ಟ್ರಕ್ಷನ್ ಬಿಡಿಸಿ, ತಾನೇ ಓದಿ ಉತ್ತರ ತುಂಬಿ ವಾಪಸ್ ಕಳಿಸುತ್ತದೆ. ಕ್ರ್ಯಾಶ್ ಇಲ್ಲದ್ದು ಇದರಿಂದಲೇ. ಒಂದು ಇನ್‌ಸ್ಟ್ರಕ್ಷನ್‌ನಲ್ಲಿ ಮುಗಿಯಬೇಕಾದ ಓದು ಪ್ರತಿ ಪ್ಯಾಕೆಟ್‌ಗೆ ಹಲವು ಸಲ ಕರ್ನಲ್‌ಗೆ ಹೋಗಿ ಬರುತ್ತಿದೆ, ಸಿಪಿಯು ಹೋಗುತ್ತಿರುವುದು ಅಲ್ಲೇ.

ಖಚಿತಪಡಿಸಿಕೊಳ್ಳಲು ಡೀಬಗ್‌ಎಫ್‌ಎಸ್ ಮೌಂಟ್ ಇದ್ದರೆ '/ಸಿಸ್/ಕರ್ನಲ್/ಡೀಬಗ್/ಮಿಪ್ಸ್/ಅನ್‌ಅಲೈನ್ಡ್_ಇನ್‌ಸ್ಟ್ರಕ್ಷನ್ಸ್' ಓದಿ. ಟ್ರಾಫಿಕ್ ಜೊತೆ ಆ ಎಣಿಕೆ ಓಡುತ್ತಿದ್ದರೆ ಕಾರಣ ಇದೇ. ಪಕ್ಕದ 'ಅನ್‌ಅಲೈನ್ಡ್_ಆಕ್ಷನ್' ಫೈಲಿಗೆ 1 ಬರೆದರೆ ಎಮ್ಯುಲೇಶನ್ ಬದಲು ಸಿಗ್‌ಬಸ್ ಬರುತ್ತದೆ, ಜಿಡಿಬಿಯಲ್ಲಿ ಸರಿಯಾದ ಸಾಲು ಸಿಗುತ್ತದೆ. 0 ಅಂದರೆ ಮೌನ, 2 ಅಂದರೆ ರಿಜಿಸ್ಟರ್ ಸಮೇತ ಲಾಗ್. ಇದು ಇಡೀ ಸಿಸ್ಟಮ್‌ಗೆ ಅನ್ವಯಿಸುತ್ತದೆ, ಮನೆಮಂದಿ ಬಳಸುವ ರೂಟರ್ ಮೇಲೆ ಆಡಬೇಡಿ.

ಪರಿಹಾರ: ಪಾಯಿಂಟರ್ ಕಾಸ್ಟ್ ಬಿಟ್ಟು ಲೋಕಲ್ 'ಸ್ಟ್ರಕ್ಟ್ ಐಪಿಎಚ್‌ಡಿಆರ್' ಒಂದಕ್ಕೆ ಮೆಮ್‌ಕಾಪಿ ಮಾಡಿ. 20 ಬೈಟ್ ಕಾಪಿಗೆ ಹೆದರಬೇಡಿ. '-ಓ2'ನಲ್ಲಿ ಇಂಥ ಗೊತ್ತಿರುವ ಅಳತೆಯ ಮೆಮ್‌ಕಾಪಿ ಫಂಕ್ಷನ್ ಕಾಲ್ ಆಗಿ ಉಳಿಯುವುದು ಅಪರೂಪ, ಮಿಪ್ಸ್‌ನಲ್ಲಿ 'ಎಲ್‌ಡಬ್ಲ್ಯೂಎಲ್-ಎಲ್‌ಡಬ್ಲ್ಯೂಆರ್' ಜೋಡಿಗಳಾಗುತ್ತದೆ. '-ಓಎಸ್' ಗಾತ್ರ ಉಳಿಸಲು ಕಾಲ್ ಇಟ್ಟುಕೊಂಡರೂ ಎಕ್ಸೆಪ್ಶನ್‌ನ ಮುಂದೆ ಅದು ಲೆಕ್ಕಕ್ಕಿಲ್ಲ. ಒಂದು ಎಚ್ಚರಿಕೆ: ಮೆಮ್‌ಕಾಪಿಗೆ ಕೊಡುವ ಪಾಯಿಂಟರ್ 'ಯುಇಂಟ್8_ಟಿ *' ಆಗಿಯೇ ಇರಲಿ. ಮೊದಲು 'ಸ್ಟ್ರಕ್ಟ್ ಐಪಿಎಚ್‌ಡಿಆರ್ *' ಮಾಡಿಕೊಂಡು ನಂತರ ಕಾಪಿ ಮಾಡಿದರೆ ಆ ಟೈಪ್‌ನಿಂದಲೇ ಅಲೈನ್‌ಮೆಂಟ್ ಊಹಿಸುವ ಹಕ್ಕು ಕಂಪೈಲರ್‌ಗಿದೆ, ಮತ್ತೆ ಅದೇ 'ಎಲ್‌ಡಬ್ಲ್ಯೂ' ಬರಬಹುದು. ನಡುವೆ 'ವಾಯ್ಡ್ *' ತುರುಕುವ ಉಪಾಯವೂ ಅಷ್ಟೇ, ವಾರ್ನಿಂಗ್ ಸಾಯುತ್ತದೆ, ಎಕ್ಸೆಪ್ಶನ್ ಬದುಕಿರುತ್ತದೆ.

ಬಫರನ್ನೇ 2 ಬೈಟ್ ಮುಂದಕ್ಕೆ ಸರಿಸಿ ರಿಸೀವ್ ಮಾಡಿದರೆ ಐಪಿ ಹೆಡರ್ 16ಕ್ಕೆ ಬರುತ್ತದೆ. ಕರ್ನಲ್ ಡ್ರೈವರ್‌ಗಳ 'ನೆಟ್_ಐಪಿ_ಅಲೈನ್' ಮಾಡುವುದೂ ಇದನ್ನೇ. ವಿಎಲ್ಯಾನ್ ಟ್ಯಾಗ್ 4 ಬೈಟ್, ಪಿಪಿಪಿಒಇ 8 ಬೈಟ್, ಎರಡಕ್ಕೂ ಲೆಕ್ಕ ಕೆಡುವುದಿಲ್ಲ. ಎಲ್‌ಎಲ್‌ಡಿಪಿಗೆ ಮಾತ್ರ ಇದು ನಡೆಯದು: 7 ಬಿಟ್ ಟೈಪ್, 9 ಬಿಟ್ ಉದ್ದ, ಆಮೇಲೆ 0ಯಿಂದ 511ರವರೆಗೆ ಎಷ್ಟಾದರೂ ಬೈಟ್. ಮುಂದಿನ ಟಿಎಲ್‌ವಿ ಬೆಸ ವಿಳಾಸದಲ್ಲಿ ಬರುವುದು ಮಾಮೂಲು. ಅಲ್ಲಿ ಬೈಟ್ ಬೈಟಾಗಿ ಓದಿ ಶಿಫ್ಟ್ ಮಾಡುವ ಎರಡು ಚಿಕ್ಕ ಇನ್‌ಲೈನ್ ಫಂಕ್ಷನ್ ಬರೆದುಕೊಳ್ಳಿ, 16 ಬಿಟ್‌ಗೊಂದು, 32 ಬಿಟ್‌ಗೊಂದು. ಎನ್‌ಟಿಒಎಚ್‌ಎಸ್ ಕೂಡ ಬೇಕಾಗುವುದಿಲ್ಲ.

ನಲವತ್ತರಲ್ಲಿ ಎಲ್ಲವೂ ಒಂದೇ ತೂಕದವಲ್ಲ. ಗೆಟ್‌ಇಫ್‌ಅಡ್ರ್ಸ್ ಕೊಡುವ ವಿಳಾಸಗಳನ್ನು ಲಿಬ್‌ಸಿ ಸರಿಯಾಗಿಯೇ ಅಲೈನ್ ಮಾಡಿಟ್ಟಿರುತ್ತದೆ, ಅಲ್ಲಿ 'ವಾಯ್ಡ್ *' ಮೂಲಕ ಕಾಸ್ಟ್ ಮಾಡಿ ಒಂದು ಸಾಲು ಕಾಮೆಂಟ್ ಬರೆದರೆ ಸಾಕು. ಸಿಎಂಎಸ್‌ಜಿ_ಡೇಟಾ ಹಾಗಲ್ಲ, ಅಲೈನ್‌ಮೆಂಟ್ ನಂಬಬೇಡಿ, ಮೆಮ್‌ಕಾಪಿ ಮಾಡಿ ಎಂದು ಅದರ ಮ್ಯಾನ್ ಪೇಜೇ ಹೇಳುತ್ತದೆ. ಕಂಟ್ರೋಲ್ ಬಫರನ್ನು 'ಸ್ಟ್ರಕ್ಟ್ ಸಿಎಂಎಸ್‌ಜಿಎಚ್‌ಡಿಆರ್' ಜೊತೆ ಯೂನಿಯನ್‌ನಲ್ಲಿ ಇಡುವುದನ್ನೂ ಮರೆಯಬೇಡಿ.

ಇನ್ನು ಎರಡನೇ ತೊಂದರೆ, 'ಹೆಡರ್ ಚಿಕ್ಕದು'. ನಿಮ್ಮದೇ ಐಪಿ ಹೆಡರ್ ಸ್ಟ್ರಕ್ಟ್ ಇದ್ದು, ಅದರೊಳಗೆ ಎಂಡಿಯನ್ ನೋಡಿ ಬಿಟ್‌ಫೀಲ್ಡ್ ಕ್ರಮ ಬದಲಿಸುವ '#ಇಫ್' ಇದೆಯೇ?

—

ರಾಸಾಕೆಟ್_ರಂಗ:

ಇದೆ ಸರ್. '#ಇಫ್ __ಬೈಟ್_ಆರ್ಡರ್ == __ಲಿಟಲ್_ಎಂಡಿಯನ್' ಎಂದು ಶುರು, ಎಲ್ಸ್‌ನಲ್ಲಿ ಬಿಗ್. ಕಾಪಿ ಮಾಡಿಕೊಂಡ ಹೆಡರ್ ಫೈಲ್, ಅದರಲ್ಲಿ ಬೇರೆ ಯಾವ ಇನ್‌ಕ್ಲೂಡೂ ಇಲ್ಲ.

—

ಬಿಗ್‌ಎಂಡಿಯನ್:

ಸಿಕ್ಕಿತು. 'ಎಂಡಿಯನ್.ಎಚ್' ಒಳಗೆ ಬರದಿದ್ದರೆ ಆ ಎರಡು ಮ್ಯಾಕ್ರೋಗಳೂ ಡಿಫೈನ್ ಆಗದೇ ಇರಬಹುದು. ಪ್ರೀಪ್ರೊಸೆಸರ್ ಗೊತ್ತಿಲ್ಲದ ಹೆಸರನ್ನು 0 ಎಂದುಕೊಳ್ಳುತ್ತದೆ. 0 == 0 ನಿಜ, ಆದ್ದರಿಂದ ಎಲ್ಲ ಯಂತ್ರಗಳಲ್ಲೂ ಲಿಟಲ್ ಎಂಡಿಯನ್ ಭಾಗವೇ ಸೇರುತ್ತದೆ. ಗ್ಲಿಬ್‌ಸಿಯಲ್ಲಿ ಬೇರೆ ಹೆಡರ್‌ಗಳ ಬೆನ್ನಿಗೆ ಅದು ತಾನಾಗಿ ಬಂದುಬಿಡುವುದುಂಟು, ಮಸಲ್‌ನಲ್ಲಿ ಅದೇ ದಾರಿ ಇರಬೇಕೆಂದಿಲ್ಲ. ಬರದಿದ್ದರೂ ಎಕ್ಸ್86ನಲ್ಲಿ ಉತ್ತರ ಹೇಗೂ ಸರಿಯೇ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಮಿಪ್ಸ್‌ನಲ್ಲಿ ಮೊದಲ ಬೈಟ್ ಹೆಕ್ಸ್ 45 ಅದಲುಬದಲಾಗಿ ವರ್ಶನ್ 5, ಐಎಚ್‌ಎಲ್ (4 ಬೈಟಿನ ಲೆಕ್ಕದಲ್ಲಿ ಹೆಡರ್‌ನ ಉದ್ದ) 4 ಎಂದು ಓದಿಕೊಳ್ಳುತ್ತದೆ. 4ನ್ನು 4ರಿಂದ ಗುಣಿಸಿದರೆ 16, ಕನಿಷ್ಠ ಬೇಕಾದದ್ದು 20. ಅದಕ್ಕೇ 'ಹೆಡರ್ ಚಿಕ್ಕದು'.

ಇದನ್ನು ಹಿಡಿಯುವ ವಾರ್ನಿಂಗ್ '-ಡಬ್ಲ್ಯೂಅನ್‌ಡೆಫ್'. ಅದು '-ಡಬ್ಲ್ಯೂಆಲ್'ನಲ್ಲೂ ಇಲ್ಲ, '-ಡಬ್ಲ್ಯೂಎಕ್ಸ್‌ಟ್ರಾ'ದಲ್ಲೂ ಇಲ್ಲ, ಬೇರೆಯಾಗಿ ಹಾಕಬೇಕು. ನೆಟ್‌ವರ್ಕ್ ಕೋಡಿಗೆ ನಾನು ಮೊದಲು ಸೇರಿಸುವ ಫ್ಲ್ಯಾಗ್ ಅದು. ಮ್ಯಾಕ್ರೋ ಬದಲಿಸುವುದಾದರೆ ಜಿಸಿಸಿ, ಕ್ಲ್ಯಾಂಗ್ ಎರಡೂ ತಾವೇ ಡಿಫೈನ್ ಮಾಡುವ '__ಬೈಟ್_ಆರ್ಡರ್__' ಮತ್ತು '__ಆರ್ಡರ್_ಬಿಗ್_ಎಂಡಿಯನ್__' ಬಳಸಿ, ಯಾವ ಹೆಡರೂ ಬೇಡ. ಅದಕ್ಕಿಂತ ಒಳ್ಳೆಯದು ಬಿಟ್‌ಫೀಲ್ಡನ್ನೇ ಕಿತ್ತುಹಾಕಿ ಒಂದು ಬೈಟ್ ಓದಿ, ವರ್ಶನ್‌ಗೆ 4 ಬಿಟ್ ಬಲಕ್ಕೆ ಶಿಫ್ಟ್, ಐಎಚ್‌ಎಲ್‌ಗೆ ಹೆಕ್ಸ್ 0ಎಫ್ ಜೊತೆ ಆ್ಯಂಡ್.

—

ಕಡಲತೀರ_ಕರ್ನಲ್:

2, 3, 4 ಉಳೀತಲ್ಲ, ಅದನ್ನು ನಾನು ಹೇಳ್ತೇನೆ ಮಾರಾಯ್ರೆ.

2 ಬರೀ ಗಲಾಟೆ. ಮಸಲ್‌ನಲ್ಲಿ ಐಆಕ್ಟಲ್‌ನ ಎರಡನೇ ಆರ್ಗ್ಯುಮೆಂಟ್ 'ಇಂಟ್', ಗ್ಲಿಬ್‌ಸಿಯಲ್ಲಿ 'ಅನ್‌ಸೈನ್ಡ್ ಲಾಂಗ್'. ಎಕ್ಸ್86ನಲ್ಲಿ ಟನ್‌ಸೆಟ್‌ಐಎಫ್‌ಎಫ್ ಅಂದ್ರೆ ಹೆಕ್ಸ್ 400454ಸಿಎ, ಇಂಟ್‌ನೊಳಗೆ ಹಿಡೀತದೆ. ಮಿಪ್ಸ್‌ನಲ್ಲಿ ಐಆಕ್ಟಲ್ ನಂಬರಿನ ದಿಕ್ಕಿನ ಬಿಟ್‌ಗಳು ಬೇರೆ ಕಡೆ ಇರೋದ್ರಿಂದ ಅದು ಹೆಕ್ಸ್ 800454ಸಿಎ, ಮೇಲಿನ ಬಿಟ್ ಹತ್ತಿ ನೆಗೆಟಿವ್ ಆಗ್ತದೆ. ಕರ್ನಲ್ ಅದನ್ನು 32 ಬಿಟ್ ಅನ್‌ಸೈನ್ಡ್ ಆಗಿಯೇ ತಗೊಳ್ಳೋದು, ಬಿಟ್‌ಗಳು ಅವೇ, ಏನೂ ಕೆಡೋದಿಲ್ಲ. ಫೈಲಿಗೆಲ್ಲ '-ಡಬ್ಲ್ಯೂನೋ-ಓವರ್‌ಫ್ಲೋ' ಹಾಕ್ಬೇಡಿ, ಅದು ನಿಜವಾದ ಓವರ್‌ಫ್ಲೋವನ್ನೂ ನುಂಗ್ತದೆ. ಟ್ಯಾಪ್ ತೆರೆಯೋ ಒಂದು ಫಂಕ್ಷನ್ ಇರ್ತದಲ್ಲ, ಅಲ್ಲಿ '(ಇಂಟ್)' ಕಾಸ್ಟ್ ಸಾಕು.

3 ಗಲಾಟೆ ಅಲ್ಲ, ನಿಜವಾದ ಬಗ್. ಮಸಲ್ 1.2.0ರಿಂದ (2020) 32 ಬಿಟ್‌ನಲ್ಲೂ ಟೈಮ್_ಟಿ 64 ಬಿಟ್. '%ಎಲ್‌ಡಿ' 32 ಬಿಟ್ ಮಾತ್ರ ತಗೊಳ್ತದೆ. ಬಿಗ್ ಎಂಡಿಯನ್‌ನಲ್ಲಿ ಮೇಲಿನ ಅರ್ಧ ಮೊದಲು ಕೂತಿರೋದ್ರಿಂದ ಸಮಯ 0 ಅಂತ ಬರಬಹುದು, ಆಮೇಲಿನ ಆರ್ಗ್ಯುಮೆಂಟ್ ಎಲ್ಲ ಜಾರ್ತದೆ. ಅದೇ ಸಾಲಲ್ಲಿ ಮುಂದೆ '%ಎಸ್' ಇದ್ರೆ ಕಸದ ಪಾಯಿಂಟರ್ ಓದಿ ಡೀಮನ್ ಬೀಳ್ತದೆ. '(ಲಾಂಗ್ ಲಾಂಗ್)' ಕಾಸ್ಟ್ ಮಾಡಿ '%ಎಲ್‌ಎಲ್‌ಡಿ' ಬರೀರಿ. ನಿಮ್ಮದೇ ಲಾಗ್ ಫಂಕ್ಷನ್ ಇದ್ರೆ ಅದಕ್ಕೆ ಪ್ರಿಂಟ್‌ಎಫ್ ಫಾರ್ಮ್ಯಾಟ್ ಆಟ್ರಿಬ್ಯೂಟ್ ಹಾಕಿದ್ದೀರೋ ನೋಡಿ. ಹಾಕದ ಫಂಕ್ಷನ್‌ಗಳಲ್ಲಿ ಇದೇ ತಪ್ಪು ಇದ್ರೂ ಕಂಪೈಲರ್ ಬಾಯಿ ಬಿಡೋದಿಲ್ಲ.

4ಕ್ಕೆ: 'ಲಿನಕ್ಸ್/ಇಫ್_ಈಥರ್.ಎಚ್' ಮತ್ತು 'ನೆಟ್‌ಇನೆಟ್/ಇಫ್_ಈಥರ್.ಎಚ್' ಎರಡೂ ಒಳಗೆ ಬಂದಿವೆ, ಅದೂ ಲಿನಕ್ಸ್‌ನದ್ದು ಮೊದಲು. ಗ್ಲಿಬ್‌ಸಿಯಲ್ಲಿ ಒಂದು ಇನ್ನೊಂದನ್ನೇ ಇನ್‌ಕ್ಲೂಡ್ ಮಾಡೋದ್ರಿಂದ ಜಗಳ ಇಲ್ಲ. ಮಸಲ್ ತನ್ನದೇ ಸ್ಟ್ರಕ್ಟ್ ಬರೀತದೆ, ಆಮೇಲೆ ಲಿನಕ್ಸ್ ಹೆಡರ್ ಬಂದ್ರೆ ಅದು ಸುಮ್ಮನಿರೋ ಹಾಗೆ '__ಯುಎಪಿಐ_ಡೆಫ್_ಈಥ್‌ಎಚ್‌ಡಿಆರ್' ಅನ್ನು 0 ಮಾಡಿ ಇಡ್ತದೆ. ಹಾಗಾಗಿ ಲಿಬ್‌ಸಿ ಹೆಡರ್ ಮೊದಲು, ಲಿನಕ್ಸ್ ಹೆಡರ್ ಆಮೇಲೆ. ಅಕ್ಷರ ಕ್ರಮದಲ್ಲಿ ಇನ್‌ಕ್ಲೂಡ್ ಜೋಡಿಸೋ ಫಾರ್ಮ್ಯಾಟರ್ ಇದ್ರೆ ನಡುವೆ ಒಂದು ಖಾಲಿ ಸಾಲು ಬಿಡಿ, ಇಲ್ಲಾಂದ್ರೆ ಅದು ಮತ್ತೆ ತಿರುಗಿಸಿ ಇಡ್ತದೆ.

ಮತ್ತೆ ಆ '-ಡಬ್ಲ್ಯೂನೋ-ಸೈನ್-ಕಂಪೇರ್' ಯಾಕೆ? ಒಮ್ಮೆ ತೆಗೆದು ನೋಡಿ. 'ಎನ್ = ರಿಸೀವ್‌ಫ್ರಮ್(...)' ಆದ ಮೇಲೆ 'ಇಫ್ (ಎನ್ < ಸೈಝಾಫ್(ಸ್ಟ್ರಕ್ಟ್ ಈಥ್‌ಎಚ್‌ಡಿಆರ್))' ಅಂತ ಎಲ್ಲಾದ್ರೂ ಇದ್ರೆ, ರಿಸೀವ್ ಸೋತು -1 ಬಂದಾಗ ಅದು ಅನ್‌ಸೈನ್ಡ್ ಆಗಿ 4294967295 ಆಗ್ತದೆ. 14ಕ್ಕಿಂತ ಕಡಿಮೆ ಅಲ್ಲ ಅಂತ ಚೆಕ್ ದಾಟಿ, ಬಫರಲ್ಲಿದ್ದ ಹಳೇ ಪ್ಯಾಕೆಟನ್ನೇ ಮತ್ತೆ ಪಾರ್ಸ್ ಮಾಡ್ತದೆ. ಮೊದಲು 'ಎನ್ < 0' ನೋಡಿ, ಆಮೇಲೆ '(ಸೈಝ್_ಟಿ)ಎನ್' ಹೋಲಿಸಿ. ಒಂದು ಮಾತು: ಮಸಲ್‌ನ ಸಿಎಂಎಸ್‌ಜಿ_ಎನ್‌ಎಕ್ಸ್‌ಟಿಎಚ್‌ಡಿಆರ್ ಮ್ಯಾಕ್ರೋ ಒಳಗೇ ಇಂಥ ಹೋಲಿಕೆ ಇದೆ, ಕ್ಲ್ಯಾಂಗ್ ಅಲ್ಲಿ ಕೂಗ್ತದೆ. ಅದು ನಿಮ್ಮ ತಪ್ಪಲ್ಲ, ಆ ಒಂದು ಲೂಪಿನ ಸುತ್ತ ಡಯಾಗ್ನಾಸ್ಟಿಕ್ ಪ್ರಾಗ್ಮಾದ ಪುಶ್, ಇಗ್ನೋರ್ಡ್, ಪಾಪ್ ಹಾಕಿ ಮುಗಿಸಿ.

—

ಕಾನ್ಫಿಗ್_ಮೇಷ್ಟ್ರು:

ಕೋಡ್ ಕಡೆಯ ಮಾತೆಲ್ಲ ಬಂದಿದೆ. ಬಿಲ್ಡ್ ಕಡೆಗೆ ಬರೋಣ, ಏಕೆಂದರೆ ಇಷ್ಟೆಲ್ಲ ಮುಚ್ಚಿಕೊಂಡಿದ್ದದ್ದು ಅಲ್ಲಿ.

'-ಡಬ್ಲ್ಯೂಎರರ್' ಡಿಫಾಲ್ಟ್ ಆಗಿ ಇರಬಾರದು. ಸೋರ್ಸ್ ಬಿಡುಗಡೆಯಾದ ಮೇಲೆ ಅದನ್ನು ಕಟ್ಟುವವರ ಕಂಪೈಲರ್ ಯಾವುದೆಂದು ನಿಮಗೆ ಗೊತ್ತಿರುವುದಿಲ್ಲ. ಜಿಸಿಸಿ 9 'ಪ್ಯಾಕ್ಡ್ ಮೆಂಬರ್ ವಿಳಾಸ'ದ ವಾರ್ನಿಂಗನ್ನು ತಾನಾಗಿಯೇ ಆನ್ ಮಾಡಿದಾಗ ಪ್ಯಾಕೆಟ್ ಹೆಡರ್ ಮುಟ್ಟುವ ಕೋಡಿನಲ್ಲೇ ಅದರ ಪೆಟ್ಟು ಹೆಚ್ಚು. ಲಿನಕ್ಸ್ ಕರ್ನಲ್‌ನಲ್ಲೇ 5.15ರಲ್ಲಿ (2021) 'ಕಾನ್ಫಿಗ್_ಡಬ್ಲ್ಯೂಎರರ್' ಸೇರಿಸಿ, ಎಲ್ಲರಿಗೂ ಆನ್ ಮಾಡಿ, ಕೊನೆಗೆ ಡಿಫಾಲ್ಟನ್ನು 'ಕಂಪೈಲ್_ಟೆಸ್ಟ್' ಬಿಲ್ಡ್‌ಗಳಿಗೆ ಸೀಮಿತಗೊಳಿಸಬೇಕಾಯಿತು. ನೀವು '--ಎನೇಬಲ್-ಡಬ್ಲ್ಯೂಎರರ್' ಎಂಬ ಕಾನ್ಫಿಗರ್ ಆಯ್ಕೆ ಮಾಡಿ, ಡಿಫಾಲ್ಟ್ ಆಫ್ ಇಟ್ಟು, ಸಿಐನಲ್ಲಿ (ಪ್ರತಿ ಬದಲಾವಣೆಗೂ ತಾನಾಗಿ ಓಡುವ ಪರೀಕ್ಷಾ ಬಿಲ್ಡ್) ಮಾತ್ರ ಆನ್ ಮಾಡಿ. ಕೆಲವನ್ನು ಮಾತ್ರ ಯಾವಾಗಲೂ ಎರರ್ ಮಾಡಬಹುದು: ಇಂಪ್ಲಿಸಿಟ್ ಫಂಕ್ಷನ್ ಡಿಕ್ಲರೇಶನ್, ಇನ್‌ಕಂಪ್ಯಾಟಿಬಲ್ ಪಾಯಿಂಟರ್ ಟೈಪ್, ಇಂಟ್ ಕನ್ವರ್ಶನ್. ಜಿಸಿಸಿ 14ರಲ್ಲಿ (2024) ಇವು ಹೇಗೂ ಎರರ್ ಆಗಿವೆ.

ಅದಕ್ಕಿಂತ ದೊಡ್ಡ ಗುಂಡಿ: '-ಡಬ್ಲ್ಯೂಎರರ್' ಅನ್ನು 'ಸಿಫ್ಲ್ಯಾಗ್ಸ್'ನಲ್ಲಿ ಇಟ್ಟು ಕಾನ್ಫಿಗರ್ ಓಡಿಸುವುದು. ಕಾನ್ಫಿಗರ್ ಬರೆಯುವ ಪುಟಾಣಿ ಟೆಸ್ಟ್ ಪ್ರೋಗ್ರಾಂಗಳಲ್ಲಿ ಬಳಸದ ವೇರಿಯಬಲ್, ಪ್ರೊಟೊಟೈಪ್ ಇಲ್ಲದ ಕಾಲ್ ಎಲ್ಲ ಇರುತ್ತವೆ. ಒಂದು ವಾರ್ನಿಂಗ್ ಬಂದರೂ ಟೆಸ್ಟ್ ಫೇಲ್, 'ರಿಸೀವ್‌ಎಂಎಂಎಸ್‌ಜಿ ಇಲ್ಲ' (ಒಂದೇ ಕಾಲ್‌ನಲ್ಲಿ ಹಲವು ಪ್ಯಾಕೆಟ್ ತರುವ ಫಂಕ್ಷನ್) ಎಂದು ತೀರ್ಮಾನ, ಡೀಮನ್ ಹಳೆಯ ನಿಧಾನದ ದಾರಿಯಲ್ಲಿ ಕಟ್ಟಿಕೊಳ್ಳುತ್ತದೆ. ಬಿಲ್ಡ್ ಯಶಸ್ವಿ, ಎರರ್ ಇಲ್ಲ. ಜಿಸಿಸಿ 14ಕ್ಕೆ ಹೋದಾಗ ಹಳೆಯ ಕಾನ್ಫಿಗರ್ ಸ್ಕ್ರಿಪ್ಟ್‌ಗಳಲ್ಲಿ '-ಡಬ್ಲ್ಯೂಎರರ್' ಇಲ್ಲದೆಯೂ ಇದೇ ಆಗುತ್ತದೆ. ಹಿಡಿಯುವ ದಾರಿ ಒಂದೇ: ಎರಡು ಕಂಪೈಲರ್‌ಗಳಲ್ಲಿ ಬಂದ 'ಕಾನ್ಫಿಗ್.ಎಚ್' ಫೈಲ್‌ಗಳನ್ನು ಡಿಫ್ ಮಾಡಿ. ವ್ಯತ್ಯಾಸ ಕಂಡ ಪ್ರತಿ ಮ್ಯಾಕ್ರೋಗೆ 'ಕಾನ್ಫಿಗ್.ಲಾಗ್'ನಲ್ಲಿ ಆ ಟೆಸ್ಟ್ ಏಕೆ ಬಿತ್ತೆಂದು ಓದಿ.

ಆದ್ದರಿಂದ ವಾರ್ನಿಂಗ್ ಫ್ಲ್ಯಾಗ್‌ಗಳಿಗೆ ಬೇರೆ ವೇರಿಯಬಲ್ ಇರಲಿ, ಅದನ್ನು 'ಎಎಂ_ಸಿಫ್ಲ್ಯಾಗ್ಸ್'ಗೆ ಸೇರಿಸಿ. ಆಟೋಮೇಕ್ ಅದನ್ನು ಮೊದಲು ಇಟ್ಟು ಬಳಕೆದಾರರ 'ಸಿಫ್ಲ್ಯಾಗ್ಸ್' ಅನ್ನು ಕೊನೆಗೆ ಇಡುವುದರಿಂದ ಓಪನ್‌ಡಬ್ಲ್ಯೂಆರ್‌ಟಿ ಕೊಡುವ ಫ್ಲ್ಯಾಗ್‌ಗಳು ಗೆಲ್ಲುತ್ತವೆ, ಪ್ಯಾಚ್ ಬೇಕಾಗುವುದಿಲ್ಲ.

ಫ್ಲ್ಯಾಗ್ ಇದೆಯೇ ಎಂದು ಪರೀಕ್ಷಿಸುವಾಗ ಎರಡು ತಿರುವುಗಳಿವೆ. ಜಿಸಿಸಿ ತನಗೆ ಗೊತ್ತಿಲ್ಲದ '-ಡಬ್ಲ್ಯೂನೋ-' ಫ್ಲ್ಯಾಗನ್ನು ಬೇರೆ ವಾರ್ನಿಂಗ್ ಇಲ್ಲದಿದ್ದರೆ ಸದ್ದಿಲ್ಲದೆ ಒಪ್ಪಿಕೊಳ್ಳುತ್ತದೆ. ಹಾಗಾಗಿ 'ನೋ' ರೂಪವನ್ನು ಪರೀಕ್ಷಿಸಿದರೆ ಯಾವಾಗಲೂ ಪಾಸ್. 'ನೋ' ಇಲ್ಲದ ರೂಪ ಪರೀಕ್ಷಿಸಿ, ಪಾಸಾದರೆ 'ನೋ' ರೂಪ ಹಾಕಿ. ಕ್ಲ್ಯಾಂಗ್ ಗೊತ್ತಿಲ್ಲದ ಫ್ಲ್ಯಾಗಿಗೆ ಬರೀ ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತದೆ. ಆ ಟೆಸ್ಟ್‌ಗೆ ಮಾತ್ರ '-ಡಬ್ಲ್ಯೂಎರರ್' ಜೊತೆಗಿರಲಿ. 'ಎಎಕ್ಸ್_ಚೆಕ್_ಕಂಪೈಲ್_ಫ್ಲ್ಯಾಗ್' ಮ್ಯಾಕ್ರೋದಲ್ಲಿ ಹೆಚ್ಚುವರಿ ಫ್ಲ್ಯಾಗ್‌ಗೆ ಜಾಗವೇ ಇದೆ.

ಇನ್ನು ನಿಮ್ಮ 5. '-ಓ0'ನಲ್ಲಿ ಕಟ್ಟಿ 'ವಾರ್ನಿಂಗ್ ಇಲ್ಲ' ಎನ್ನುವುದಕ್ಕೆ ಅರ್ಥವಿಲ್ಲ. 'ಮೇಬಿ ಅನ್‌ಇನಿಶಿಯಲೈಝ್ಡ್'ನಂಥವು ಆಪ್ಟಿಮೈಝರ್ ಕಂಡ ದಾರಿಗಳ ಮೇಲೆ ನಿಂತಿವೆ, ಆಪ್ಟಿಮೈಝರ್ ಇಲ್ಲದಿದ್ದರೆ ಅವಕ್ಕೆ ಕಣ್ಣೇ ಇಲ್ಲ. ಉಬುಂಟುವಿನ ಜಿಸಿಸಿ ತಾನಾಗಿ ಹಾಕುವ 'ಫಾರ್ಟಿಫೈ_ಸೋರ್ಸ್' ಕೂಡ ಆಪ್ಟಿಮೈಝೇಶನ್ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ. '-ಓ2' ಹಾಕಿದ ಕೂಡಲೇ 'ರೈಟ್‌ನ ರಿಟರ್ನ್ ವ್ಯಾಲ್ಯೂ ನೋಡಿಲ್ಲ' ಎಂಬ ಹೊಸ ಸಾಲುಗಳು ಬರಬಹುದು. '(ವಾಯ್ಡ್)' ಹಾಕಿದರೆ ಜಿಸಿಸಿ ಸುಮ್ಮನಾಗುವುದಿಲ್ಲ, ನಿಜವಾಗಿ ನೋಡಬೇಕು. ಟ್ಯಾಪ್‌ಗೆ ಬರೆಯುವಾಗ ಅದನ್ನು ನೋಡಲೇಬೇಕು ಕೂಡ.

—

ರಾಸಾಕೆಟ್_ರಂಗ:

ಬಿಟ್‌ಫೀಲ್ಡ್ ತೆಗೆದ ಮೇಲೆ ಐಪಿವಿ4 ದಾಟುತ್ತಿದೆ. ಸೈನ್-ಕಂಪೇರ್ ಆನ್ ಮಾಡಿದರೆ 11 ಸಾಲು, ಅದರಲ್ಲಿ ಒಂದು ಸರಿಯಾಗಿ ಆ ರಿಸೀವ್‌ಫ್ರಮ್ ಚೆಕ್ಕೇ. ಎರಡು ಪ್ರಶ್ನೆ ಉಳಿದಿವೆ. 'ಮೇಬಿ ಅನ್‌ಇನಿಶಿಯಲೈಝ್ಡ್' ಮೂರೂ ಸುಳ್ಳು ಎಂದು ನನ್ನ ಓದು: ಫಂಕ್ಷನ್ 0 ಕೊಟ್ಟಾಗ ಮಾತ್ರ ಔಟ್ ಪ್ಯಾರಾಮೀಟರ್ ತುಂಬುತ್ತದೆ, ಕರೆದವರು 0 ಇದ್ದರೆ ಮಾತ್ರ ಬಳಸುತ್ತಾರೆ. ಸುಮ್ಮನೆ 0 ತುಂಬಿಬಿಡಲೇ? ಮತ್ತು ರೂಟರ್ ಇಲ್ಲದೆ ಅಲೈನ್‌ಮೆಂಟ್ ಪರೀಕ್ಷಿಸುವುದು ಹೇಗೆ?

—

ಕಡಲತೀರ_ಕರ್ನಲ್:

ಸುಳ್ಳೇ ಇರಬಹುದು. '-ಓಎಸ್'ನಲ್ಲಿ ಇನ್‌ಲೈನ್ ಕಡಿಮೆ ಮಾಡೋದ್ರಿಂದ ಆ ಸಂಬಂಧ ಕಂಪೈಲರ್‌ಗೆ ಕಾಣೋದಿಲ್ಲ. ಇಂಥ ಸುಳ್ಳು ಜಾಸ್ತಿ ಅಂತ ಕರ್ನಲ್‌ನವರು 2020ರಲ್ಲಿ 5.7ರಿಂದ ಮಾಮೂಲಿ ಬಿಲ್ಡ್‌ನಲ್ಲಿ ಅದನ್ನು ಆಫ್ ಮಾಡಿಟ್ಟಿದ್ದಾರೆ. ಆದ್ರೆ 0 ತುಂಬೋದು ನನಗೆ ಇಷ್ಟ ಇಲ್ಲ. ನಾಳೆ ಯಾರಾದ್ರೂ ರಿಟರ್ನ್ ನೋಡದೆ ಬಳಸಿದ್ರೆ ಉದ್ದ 0 ಇರೋ ಟಿಎಲ್‌ವಿ ಅಂತ ಓದಿಕೊಳ್ತದೆ. ಎಲ್‌ಎಲ್‌ಡಿಪಿಯಲ್ಲಿ ಟೈಪ್ 0 ಉದ್ದ 0 ಅಂದ್ರೆ ಪಿಡಿಯು, ಅಂದ್ರೆ ಇಡೀ ಸಂದೇಶ, ಮುಗೀತು ಅಂತ ಅರ್ಥ! ಮೆಮೊರಿ ತಪ್ಪು ಹಿಡಿಯೋ ವಾಲ್‌ಗ್ರೈಂಡ್‌ಗೂ ಆಗ ಏನೂ ಕಾಣೋದಿಲ್ಲ. ಫಂಕ್ಷನ್ ಶಿರೋನಾಮೆಗೆ 'ವಾರ್ನ್_ಅನ್‌ಯೂಸ್ಡ್_ರಿಸಲ್ಟ್' ಆಟ್ರಿಬ್ಯೂಟ್ ಹಾಕಿ, ಓಪನ್‌ಡಬ್ಲ್ಯೂಆರ್‌ಟಿ ಬಿಲ್ಡ್‌ಗೆ ಮಾತ್ರ ಆ ಒಂದು ವಾರ್ನಿಂಗ್ ಆಫ್ ಮಾಡಿ, ಸಿಐನಲ್ಲಿ '-ಓ2' ಜೊತೆ ಆನ್ ಇಡಿ.

—

ಬಿಗ್‌ಎಂಡಿಯನ್:

ಟೈಪ್ 0 ವಿಚಾರ ಒಪ್ಪಿದೆ. ಆದರೂ ನನ್ನ ಆಯ್ಕೆ ಬೇರೆ: ಪಾರ್ಸರ್ ಒಳಗೇ ಮೊದಲ ಸಾಲಿನಲ್ಲಿ ಟೈಪ್‌ಗೆ 127, ಪಾಯಿಂಟರ್‌ಗೆ ನಲ್, ಉದ್ದಕ್ಕೆ 0 ತುಂಬಿಬಿಡುವುದು. 127 ಸಂಸ್ಥೆಗಳ ಖಾಸಗಿ ಟಿಎಲ್‌ವಿ, ಕನಿಷ್ಠ 4 ಬೈಟ್ ಬೇಕು. ಉದ್ದ 0 ಬಂದರೆ ಮುಂದಿನ ಚೆಕ್ ಅದನ್ನು ತಳ್ಳಿಹಾಕುತ್ತದೆ. ವಾರ್ನಿಂಗನ್ನೂ ಎಲ್ಲೂ ಆಫ್ ಮಾಡಬೇಕಾಗಿಲ್ಲ.

ಅಲೈನ್‌ಮೆಂಟ್ ಪರೀಕ್ಷೆಗೆ ಬೇರೆ ಪ್ರೊಸೆಸರ್‌ನ ಪ್ರೋಗ್ರಾಂ ಓಡಿಸುವ ಕ್ಯೂಇಎಂಯು ಯೂಸರ್ ಮೋಡ್ ಒಂದನ್ನೇ ನಂಬಬೇಡಿ, ಎಕ್ಸ್86 ಹೋಸ್ಟ್ ಮೇಲೆ ಅದು ತಪ್ಪು ವಿಳಾಸವನ್ನು ಸದ್ದಿಲ್ಲದೆ ಓದಿಕೊಡಬಹುದು. ಎಂಡಿಯನ್ ಪರೀಕ್ಷೆಗೆ ಅದು ಚೆನ್ನ. ಅಲೈನ್‌ಮೆಂಟ್‌ಗೆ ಉಬುಂಟುವಿನಲ್ಲೇ '-ಎಫ್‌ಸ್ಯಾನಿಟೈಝ್=ಅಲೈನ್‌ಮೆಂಟ್,ಅಡ್ರೆಸ್ -ಎಫ್‌ನೋ-ಸ್ಯಾನಿಟೈಝ್-ರಿಕವರ್=ಆಲ್' ಹಾಕಿ ಕಟ್ಟಿ. ಪಾರ್ಸರನ್ನು ಸಾಕೆಟ್‌ನಿಂದ ಬೇರ್ಪಡಿಸಿ, ಬಫರ್ ಮತ್ತು ಉದ್ದ ಮಾತ್ರ ತೆಗೆದುಕೊಳ್ಳುವ ಹಾಗೆ ಮಾಡಿದರೆ ಪಿಕ್ಯಾಪ್ (ಹಿಡಿದಿಟ್ಟ ಪ್ಯಾಕೆಟ್‌ಗಳ) ಫೈಲ್‌ನಿಂದ ಫ್ರೇಮ್‌ಗಳನ್ನು ನೇರವಾಗಿ ಉಣಿಸಬಹುದು. ಪ್ರತಿ ಫ್ರೇಮನ್ನೂ ನಾಲ್ಕು ಸಲ, ಬಫರ್ ಆರಂಭದಿಂದ 0, 1, 2, 3 ಬೈಟ್ ಸರಿಸಿ ಕೊಡಿ. ಪ್ರತಿ ಸಲವೂ ಮ್ಯಾಲಕ್‌ನಿಂದ ಆ ಸರಿತ ಸೇರಿ ಅಷ್ಟೇ ಅಳತೆಯ ಬಫರ್ ತೆಗೆದುಕೊಳ್ಳಿ, ಕೊನೆಯ ಬೈಟ್ ದಾಟಿದರೆ ಅಡ್ರೆಸ್ ಸ್ಯಾನಿಟೈಝರ್ ಅಲ್ಲೇ ನಿಲ್ಲಿಸುತ್ತದೆ.

ಇದು ಮಿಪ್ಸ್‌ಗೆ ಮಾತ್ರ ಎಂದುಕೊಳ್ಳಬೇಡಿ. ಎಆರ್‌ಎಂವಿ7ರಲ್ಲಿ ಒಂಟಿ 'ಎಲ್‌ಡಿಆರ್' ಅಲೈನ್ ಆಗದ ವಿಳಾಸವನ್ನೂ ಓದುತ್ತದೆ. ಆದರೆ ಐಪಿ ಹೆಡರ್‌ನಲ್ಲಿ ಸೋರ್ಸ್, ಡೆಸ್ಟಿನೇಶನ್ ವಿಳಾಸಗಳು ಪಕ್ಕಪಕ್ಕ ಇರುವುದರಿಂದ ಕಂಪೈಲರ್ ಎರಡನ್ನೂ ಸೇರಿಸಿ 'ಎಲ್‌ಡಿಆರ್‌ಡಿ' ಅಥವಾ 'ಎಲ್‌ಡಿಎಂ' ಮಾಡಬಹುದು, ಅವು ಫಾಲ್ಟ್ ಆಗುತ್ತವೆ. ಎಕ್ಸ್86ನಲ್ಲೂ ಚೆಕ್‌ಸಮ್ ಲೂಪನ್ನು 'ಯುಇಂಟ್16_ಟಿ *'ನಿಂದ ಬರೆದು ಬೆಸ ವಿಳಾಸ ಕೊಟ್ಟರೆ, ವೆಕ್ಟರೈಝ್ ಆದ ಕೋಡ್ ಅಲೈನ್ಡ್ ಲೋಡ್ ಬಳಸಿ ಸೆಗ್‌ಫಾಲ್ಟ್ ಆಗುವುದುಂಟು. ಜಿಸಿಸಿ 12ರಿಂದ '-ಓ2'ನಲ್ಲೇ ವೆಕ್ಟರೈಝೇಶನ್ ಆನ್ ಇದೆ. ನಿಮ್ಮ ಚೆಕ್‌ಸಮ್ ಫಂಕ್ಷನ್ ಯಾವ ಪಾಯಿಂಟರ್ ತೆಗೆದುಕೊಳ್ಳುತ್ತದೆ ಎಂದು ಒಮ್ಮೆ ನೋಡಿಬಿಡಿ.